ಒಂದು ಡಬ್ಬಿ ತೋಟಾ

ಅಪ್ಪ ಇವತ್ತು ತಾವೇ ಗಡ್ಡ ಹೆರೆದುಕೊಂಡಿದ್ದರು. ಕಾರಿನಲ್ಲಿ ಪಕ್ಕ ಕೂತ ಅವರ ಕೆನ್ನೆಯನ್ನು ಶಿವಕಿರಣ್ ಸಿಗ್ನಲ್ ಬಂದಾಗಲೆಲ್ಲ ಓರೆಗಣ್ಣಿನಲ್ಲಿ ನೋಡಿದ. ಕಿವಿಯ ಕೆಳಗೆ ಬ್ಲೇಡು ತಾಗಿದ ಕಡೆ ರಕ್ತ ಒಣಗಿ ಎಳ್ಳುಕಾಳಿನಷ್ಟು ಕಪ್ಪಾಗಿತ್ತು. ಭಾನುವಾರ ಭಾನುವಾರ ಅವರನ್ನು ಸಲೂನಿಗೆ ಕರೆದುಕೊಂಡು ಹೋಗಿ, ಕುರ್ಚಿಯಲ್ಲಿ ಕೂರಿಸಿ, ಹಳೇ ಪೇಪರು ಹಿಡಿದು ಕಾಯುವುದು ಅವನ ಪಾಲಿನ ಕೆಲಸ. ಇವತ್ತು ಬುಧವಾರ. ಯಾರನ್ನೂ ಕರೆಯದೆ ಬಚ್ಚಲ ಕನ್ನಡಿಯ ಮುಂದೆ ನಿಂತು ಹೆರೆದುಕೊಂಡಿದ್ದಾರೆ, ಇಸ್ತ್ರಿ ಮಾಡಿಸಿದ ಜುಬ್ಬ ಹಾಕಿದ್ದಾರೆ, ಹಣೆಯ ವಿಭೂತಿ ಎಂದಿಗಿಂತ ಅಗಲವಾಗಿದೆ. ಮದುವೆಗೆ ಹೊರಟವರ ಹಾಗೆ ಅನ್ನಿಸಿತು ಮೊದಲು. ಅಲ್ಲ, ಸಾಕ್ಷಿ ಹೇಳಲು ಹೊರಟವರ ಹಾಗೆ ಎಂದು ಮನಸ್ಸು ತಿದ್ದಿಕೊಂಡಿತು. ತಿದ್ದಿಕೊಂಡ ಮೇಲೆ ಹಿತವಾಯಿತು. ಬೆಳಿಗ್ಗೆ ಲಿಖಿತಾ ತಿಂಡಿ ಬಡಿಸುತ್ತ ಗಂಡನಿಗೆ ಮಾತ್ರ ಕೇಳುವ ಹಾಗೆ, "ಮಾವ ಒಂದು ಮಾತು ಹೇಳಿದ್ರೆ ಮುಗೀತು ಕಣ್ರೀ. ವಯಸ್ಸಾಗಿದೆ, ಗೊತ್ತಾಗ್ಲಿಲ್ಲ, ತೋಟಾ ಕೊಟ್ಬಿಟ್ಟೆ ಅಂತ. ಅವರನ್ನ ಯಾರು ಒಳಗೆ ಹಾಕ್ತಾರೆ? ನಿಮ್ಮನ್ನಾದ್ರೆ ಹಾಕ್ತಾರೆ," ಅಂದಿದ್ದಳು. ಅವನು ಕಾರಿನ ಕೀ ಎತ್ತಿಕೊಂಡಿದ್ದ. ಅಪ್ಪ ತಾವಾಗಿ ಹೇಳಬೇಕು. ಕೇಳಿ ಹೇಳಿಸಿಕೊಂಡರೆ ಅದು ಬೇರೆಯೇ ಆಗುತ್ತದೆ.

"ಆ ಸ್ಪ್ರಿಂಗು ಹೋಗಿದೆ ಕಣೋ," ಅಂದರು ಅಪ್ಪ.

"ಯಾವ ಸ್ಪ್ರಿಂಗು ಅಪ್ಪಾಜಿ?"

"ನಿನ್ನ ಸೀಟಿಂದು. ಬ್ರೇಕ್ ಹಾಕ್ದಾಗೆಲ್ಲ ಕಿರ್ ಅಂತದೆ. ಕೇಳ್ಸಲ್ವಾ ನಿಂಗೆ?"

ಅವನಿಗೆ ಕೇಳಿಸಿರಲಿಲ್ಲ. ಜಯನಗರದ ತಮ್ಮ ಕೋವಿ ಅಂಗಡಿಯಲ್ಲೂ ಹಾಗೇ, ಒಳಗಿನ ಕೋಣೆಯಲ್ಲಿ ಲೆಕ್ಕ ನೋಡುತ್ತ ಕೂತ ಅಪ್ಪ, ಹೊರಗೆ ಯಾರೋ ಗಿರಾಕಿ ಖಾಲಿ ಕೋವಿಯ ಕುದುರೆ ಎಳೆದು ಬಿಟ್ಟು ನೋಡಿದ ಸದ್ದಿಗೇ "ಎಡಗಡೆ ನಳಿಗೇದು ಸಡಿಲ ಆಗಿದೆ, ಬಿಚ್ಚಿ ನೋಡು" ಎಂದು ಕೂಗುತ್ತಿದ್ದರು. ಕೋವಿಯನ್ನು ಕಿವಿಯಿಂದಲೇ ಬಲ್ಲ ಮನುಷ್ಯ ಒಂದೇ ಒಂದು ಗುಂಡನ್ನೂ ಹಾರಿಸಿದವರಲ್ಲ. ಮನೆಯಲ್ಲಿ ಮೊಟ್ಟೆ ಹಾಕಿದ ಕೇಕೂ ಬರುತ್ತಿರಲಿಲ್ಲ. ಐದನೇ ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು ಅವನಿಗೆ "ಕೊಲೆ ಅಂಗಡಿ" ಎಂದು ಹೆಸರಿಟ್ಟಾಗ ಅವನು ಅಳುತ್ತ ಮನೆಗೆ ಬಂದಿದ್ದ. ಅಪ್ಪ ಆಗ ಪೂಜೆಗೆ ಕೂತಿದ್ದರು. ಎಡ ಅಂಗೈಯಲ್ಲಿ ಲಿಂಗ ಇತ್ತು. ಅಂಗೈ ಅಲುಗಿಸದೆ, ಬಲಗೈಯಿಂದ ಅವನನ್ನು ಹತ್ತಿರ ಎಳೆದುಕೊಂಡು, "ಕಮ್ಮಾರ ಕುಡುಗೋಲು ಮಾಡ್ತಾನೆ, ಅದ್ರಲ್ಲಿ ಹುಲ್ಲೂ ಕೊಯ್ಬೋದು, ಕತ್ತೂ ಕೊಯ್ಬೋದು. ಕೊಯ್ದೋನದ್ದು ಪಾಪ. ಮಾಡಿದೋನದ್ದು ಕಾಯಕ. ಹೋಗಿ ಹೇಳು ಅವರಿಗೆ, ನಮ್ಮಪ್ಪಂದು ಕಾಯಕ ಅಂತ," ಅಂದಿದ್ದರು. ಹೋಗಿ ಹೇಳಿದ್ದ. ಅವರು ಇನ್ನೂ ಜೋರಾಗಿ ನಕ್ಕಿದ್ದರು. ಆದರೂ ಆ ಪದ ಅವನಲ್ಲಿ ಉಳಿಯಿತು, ಜೇಬಿನಲ್ಲಿ ಬೆಚ್ಚಗಿರುವ ಕಲ್ಲಿನ ಹಾಗೆ. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿಕೊಂಡು ಸುಖವಾಗಿದ್ದವನನ್ನು ಅಪ್ಪನ ಎದೆನೋವಿನ ನಂತರ ಅಂಗಡಿಗೆ ಎಳೆದು ತಂದದ್ದೂ ಅದೇ ಪದ. ಕಾಯಕ ನಿಲ್ಲಬಾರದು ಕಣೋ, ಎಂದಿದ್ದರು ಆಸ್ಪತ್ರೆಯ ಮಂಚದಿಂದ. ಪರವಾನಗಿ ಅವನ ಹೆಸರಿಗೆ ಬಂತು. ಅಪ್ಪ ಮಧ್ಯಾಹ್ನದ ಹೊತ್ತು ಬಂದು ಕೌಂಟರಿನಲ್ಲಿ ಕೂರುವುದು ಮಾತ್ರ ನಿಲ್ಲಲಿಲ್ಲ.

ಕೋವಿಯ ತೋಟಾ ಹೋದ ಆ ಮಧ್ಯಾಹ್ನ ಅವನು ಅಂಗಡಿಯಲ್ಲಿ ಇರಲಿಲ್ಲ. ಲಿಖಿತಾಳನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. ವಾಪಸು ಬರುತ್ತ ಗಾಡಿಯವನ ಹತ್ತಿರ ಸೀಬೆಹಣ್ಣು ಕೊಂಡಿದ್ದ. ಅಪ್ಪ ಒಂದನ್ನು ಮೂಸಿ, "ಗಂಗಾಧರಯ್ಯನೋರ ಸೀಬೆತೋಟ ನೆನಪಾಯ್ತು ನೋಡು," ಅಂದು, ಅದೇ ಉಸಿರಿನಲ್ಲಿ, "ಅವರು ಫೋನ್ ಮಾಡಿದ್ರು ಈಗ. ಅವರ ತಮ್ಮನ ಮಗ ಶಿವರಾಮ್ ಬಂದಿದ್ದ. ಒಂದು ಡಬ್ಬಿ ತೋಟಾ ಕೊಟ್ಟು ಕಳಿಸ್ದೆ," ಅಂದಿದ್ದರು. ಲೈಸೆನ್ಸು ಇದ್ದವರು ಸ್ವತಃ ಬರದೆ ತೋಟಾ ಕೈ ಬದಲಾಯಿಸುವ ಹಾಗಿಲ್ಲ. ಮಗನಿಗೆ ಈ ನಿಯಮವನ್ನು ಕಿವಿ ಹಿಂಡಿ ಕಲಿಸಿದವರು ಅಪ್ಪನೇ. ಅವನ ಮುಖ ನೋಡಿ ಅವರೇ ಮುಂದುವರಿಸಿದ್ದರು: "ಅವರಿಗೆ ಮಂಡಿನೋವು. ಒಂದು ಡಬ್ಬಿಗೋಸ್ಕರ ಅಂಥೋರನ್ನ ಮೆಟ್ಲು ಹತ್ತಿಸೋದಾ?" ಅವತ್ತು ಅಪ್ಪನ ಮುಖದಲ್ಲಿ ಒಂದು ಕಳೆ ಇತ್ತು. ಬಹಳ ದಿನಗಳ ನಂತರ ಯಾರೋ ದೊಡ್ಡವರು ಅವರನ್ನೇ ಕೇಳಿಕೊಂಡು ಫೋನ್ ಮಾಡಿದ್ದರು. ಆ ಕಳೆಯನ್ನು ಆರಿಸಲು ಮನಸ್ಸಾಗದೆ ಶಿವಕಿರಣ್ ಒಂದು ಸೀಬೆಹಣ್ಣು ಕಚ್ಚಿದ. ಒಂದು ವಾಕ್ಯ ಹೇಳಬೇಕಿತ್ತು ಆಗ. ಹಣ್ಣು ಚೆನ್ನಾಗಿತ್ತು.

ಗಂಗಾಧರಯ್ಯ ಜರಗನಹಳ್ಳಿಯ ಹಳೇ ಮನೆತನದವರು. ಅವರ ಜೋಡುನಳಿಗೆ ಕೋವಿಯ ಲೈಸೆನ್ಸಿನಲ್ಲಿ ಇವತ್ತಿಗೂ ಕಾರಣ ಅಂತ ಇರುವುದು ಬೆಳೆ ರಕ್ಷಣೆ. ಬೆಳೆ ಇದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳ ಸಾಲು. ಅಂಗಡಿಗೆ ಬಂದಾಗಲೆಲ್ಲ ಅವರು ಒಂದೇ ಹಾಸ್ಯ ಮಾಡುತ್ತಿದ್ದರು: "ನಮ್ಮ ತೋಟ ಹೋಯ್ತು ಏಕಾಂತಯ್ಯನೋರೆ, ನಿಮ್ಮ ತೋಟಾ ಉಳೀತು." ಅಪ್ಪ ಪ್ರತಿ ಸಲವೂ ಹೊಸದಾಗಿ ಕೇಳಿದವರಂತೆ ನಗುತ್ತಿದ್ದರು. ಆ ಡಬ್ಬಿಯ ತೋಟಾ ಹೋಗಿದ್ದು ಅವರ ಮನೆಯ ಮದುವೆಗೆ. ಕನಕಪುರ ರಸ್ತೆಯಲ್ಲಿ ಗಂಡಿನ ಮೆರವಣಿಗೆ ಹೊರಟಾಗ ಶಿವರಾಮ್ ದೊಡ್ಡಪ್ಪನ ಕೋವಿ ತಂದು ಆಕಾಶಕ್ಕೆ ಹಾರಿಸಿದ. ಎರಡನೇ ಸಲ ಯಾರೋ ಭುಜಕ್ಕೆ ಭುಜ ತಾಗಿಸಿದರು, ನಳಿಗೆ ಓರೆಯಾಯಿತು. ಪಕ್ಕದಲ್ಲಿದ್ದ ಗಂಗಾಧರಯ್ಯನವರದೇ ಬಾಡಿಗೆ ಮನೆಯ ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದ ಅಂಕಮ್ಮನ ಎಡಗಣ್ಣಿಗೆ ತೋಟಾದಿಂದ ಸಿಡಿದ ಚರೆ ಬಡಿಯಿತು.

ಸ್ಟೇಷನ್ನಿನಲ್ಲಿ ಇನ್ಸ್‌ಪೆಕ್ಟರು ಕೇಳಿದ್ದು ಒಂದೇ ಪ್ರಶ್ನೆ. "ಕೌಂಟರಲ್ಲಿ ಯಾರಿದ್ರು?" ಅಪ್ಪ ಬೆಂಚಿನ ತುದಿಯಲ್ಲಿ ಕೂತಿದ್ದರು. ಊರುಗೋಲಿನ ಹಿಡಿಯ ಮೇಲೆ ಅವರ ಬೆರಳುಗಳು ಅದುರುತ್ತಿದ್ದವು. ಆ ಅದುರುವಿಕೆಯನ್ನು ನೋಡಲಾಗದೆ "ನಾನೇ ಸಾರ್" ಅಂದುಬಿಟ್ಟ. ಅಪ್ಪ ತಲೆ ತಿರುಗಿಸಿ ಗೋಡೆಯ ಕ್ಯಾಲೆಂಡರು ನೋಡಿದರು. ಬೆರಳುಗಳು ನಿಂತವು. ವಾಪಸು ಬರುವಾಗ ಆಟೋದಲ್ಲಿ ಅವನ ಮಂಡಿಯ ಮೇಲೆ ಅಂಗೈ ಇಟ್ಟುಕೊಂಡೇ ಬಂದರು. ಅದು ಕೃತಜ್ಞತೆ ಎಂದು ಅವನು ತಿಳಿದ. ಸಮಯ ಬಂದಾಗ ಅವರೇ ಹೇಳುತ್ತಾರೆ, ಈಗ ಹೆದರಿದ್ದಾರೆ ಅಷ್ಟೆ, ಎಂದುಕೊಂಡ. ಆಮೇಲಿನ ವಾರಗಳಲ್ಲಿ ಆಸ್ಪತ್ರೆಗೆ ಹೋಗಿ ಅಂಕಮ್ಮನನ್ನು ನೋಡಬೇಕೆಂದು ಒಂದೆರಡು ಸಲ ಶೂ ಹಾಕಿಕೊಂಡ, ಬಿಚ್ಚಿದ. ಬಂದೂಕು ವ್ಯಾಪಾರಿಗಳ ಸಂಘದ ಅಧ್ಯಕ್ಷ ನೀಲಕಂಠಪ್ಪ, "ಹೋಗ್ಬೇಡಿ ಶಿವಕಿರಣ್, ಹೋದ್ರೆ ತಪ್ಪು ಒಪ್ಕೊಂಡಂಗೆ ಆಗತ್ತೆ. ಸಂಘ ನಿಮ್ಮ ಬೆನ್ನಿಗಿದೆ," ಅಂದಿದ್ದರು. ವಸತಿ ಬಡಾವಣೆಗಳಲ್ಲಿರುವ ಕೋವಿ ಅಂಗಡಿಗಳ ಪರವಾನಗಿಯನ್ನು ಇನ್ನು ಮುಂದೆ ನವೀಕರಿಸಬಾರದು ಎಂಬ ಪ್ರಸ್ತಾವ ಬಂದಾಗ ಅದೇ ನೀಲಕಂಠಪ್ಪ ಫೋನ್ ಎತ್ತುವುದು ನಿಲ್ಲಿಸಿದರು. ಸಿಟಿಯ ದೊಡ್ಡ ಅಂಗಡಿಗಳಿಗೆ ಬಡಾವಣೆಯ ಸಣ್ಣ ಅಂಗಡಿ ಮುಚ್ಚಿದರೆ ಗಿರಾಕಿ ಹೆಚ್ಚುತ್ತಾರೆ ಎಂದು ಅವನಿಗೆ ಹೊಳೆದದ್ದು ತಡವಾಗಿ. ಇವತ್ತು ಬೆಳಿಗ್ಗೆ ಒಂದು ವಾಟ್ಸಾಪ್ ಬಂತು: ನಿಮ್ಮದು ವೈಯಕ್ತಿಕ ಕೇಸು, ಸಂಘ ತಟಸ್ಥ. ಕೊನೆಯಲ್ಲಿ ಕೈಮುಗಿಯುವ ಚಿತ್ರ.

ಆ ಪ್ರಸ್ತಾವದ ಮೇಲಿನ ಆಕ್ಷೇಪಣೆ ಸಭೆ ಇದ್ದದ್ದು ಜೆ.ಪಿ. ನಗರದ ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಸೇವಂತಿಗೆ ಎಸಳುಗಳನ್ನು ಗುಡಿಸಿ ಮೂಲೆಗೆ ಒತ್ತಿದ್ದರು. ವಧೂವರರ ಕೆಂಪು ಕುರ್ಚಿಗಳಲ್ಲಿ ಒಂದರಲ್ಲಿ ಪೊಲೀಸ್ ಅಧಿಕಾರಿ ಕೂತಿದ್ದರು, ಇನ್ನೊಂದರಲ್ಲಿ ಗಂಗಾಧರಯ್ಯ. ಮುಂದಿನ ಚುನಾವಣೆಯಲ್ಲಿ ವಾರ್ಡಿನ ಟಿಕೆಟು ಅವರಿಗೇ ಎಂದು ಎಲ್ಲರಿಗೂ ಗೊತ್ತಿದ್ದರಿಂದ ಅವರು ಯಾವ ಅಧಿಕಾರದಲ್ಲಿ ಮೇಲೆ ಕೂತಿದ್ದಾರೆ ಎಂದು ಯಾರೂ ಕೇಳಲಿಲ್ಲ. ಮೊದಲ ಸಾಲಿನಲ್ಲಿ ಅಂಕಮ್ಮ, ಕಪ್ಪು ಕನ್ನಡಕ ಹಾಕಿಕೊಂಡು. ಶಿವಕಿರಣ್ ದಾಟಿ ಹೋಗುವಾಗ ಅವಳು ಕತ್ತನ್ನು ಪೂರ್ತಿ ತಿರುಗಿಸಿ, ಉಳಿದ ಕಣ್ಣಿನಿಂದ ಅವನನ್ನು ಹುಡುಕಿ, "ನೀವೇನಾ ಅಂಗ್ಡಿಯೋರು?" ಅಂದಳು. ಅವನು ಹೌದೆಂದ. "ಶಿವರಾಮಣ್ಣ ಪಾಪ ದಿನಾ ಬಂದ್ರು ಆಸ್ಪತ್ರೆಗೆ. ಬಾಡಿಗೇನೂ ಬೇಡ ಅಂದವ್ರೆ ದೊಡ್ಡೋರು. ನೀವು ಬರ್ಲೇ ಇಲ್ಲ," ಅಂದಳು. ದೂರು ಕೂಡ ಅಲ್ಲ ಅದು. ಮದುವೆಗೆ ಬಾರದವರನ್ನು ಕೇಳುವ ದನಿ. ಅವಳ ಕಣ್ಣು ತೆಗೆದವನು ಅಣ್ಣ, ತೋಟಾ ತರಿಸಿದವರು ದೊಡ್ಡವರು, ತಾನು ಅಂಗಡಿಯವನು. ಅವನು ಏನೋ ಹೇಳಲು ಬಾಯಿ ತೆರೆದ. ಹಿಂದಿನಿಂದ ಯಾರೋ "ಕೂತ್ಕೊಳ್ಳಿ ಸಾರ್, ಕಾಣಲ್ಲ" ಅಂದರು. ಕೂತ.

ನಿವಾಸಿಗಳ ಸಂಘದ ಕಾರ್ಯದರ್ಶಿ ಸಂಗೀತಾ ಮೇಡಂ ಮೈಕು ಹಿಡಿದವರು ಮೊದಲು ಅವನ ಕಡೆ ತಿರುಗಿ, "ಶಿವಕಿರಣ್ ಸಾರ್, ಪರ್ಸನಲ್ಲಾಗಿ ತಗೋಬೇಡಿ. ಇದು ಪಾಲಿಸಿ ಬಗ್ಗೆ," ಅಂದರು. ಆಮೇಲೆ ಅವನ ಅಂಗಡಿಯ ಮುಂದೆ ಸ್ಕೂಲ್ ವ್ಯಾನು ನಿಲ್ಲುವುದರ ಬಗ್ಗೆ, ಅಂಗಡಿಯ ಗಾಜಿನೊಳಗೆ ಕೋವಿ ನೋಡಿ ತಮ್ಮ ಮಗಳು ಕೇಳಿದ ಪ್ರಶ್ನೆಯ ಬಗ್ಗೆ ಮಾತಾಡಿದರು. ಅವರು ಹೇಳಿದ್ದರಲ್ಲಿ ಅರ್ಧ ನಿಜವೆಂದು ಅವನಿಗೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯಾಯಿತು, ನಾಚಿಕೆಪಟ್ಟದ್ದಕ್ಕೆ ಸಿಟ್ಟು ಬಂತು. ಆದರೆ ಅವನ ಗಮನವೆಲ್ಲ ಪಕ್ಕದಲ್ಲಿತ್ತು. ಸಂಗೀತಾ ಮೇಡಂ ಮೈಕು ಕೊಟ್ಟು ಬಂದು ಎರಡು ಸಾಲು ಹಿಂದೆ ಕೂತು ಪಕ್ಕದವರಿಗೆ "ಓಲ್ಡ್ ಮ್ಯಾನ್ ಕೂಡ ಬಂದಿದ್ದಾರೆ, ಪಾಪ" ಎಂದು ಪಿಸುಗುಟ್ಟಿದ್ದು ಅವನಿಗೆ ಕೇಳಿತೋ ಇಲ್ಲವೋ ಎಂಬಷ್ಟು ಸಣ್ಣಗಿತ್ತು. ಅಪ್ಪ ಮಾತ್ರ ತಿರುಗಿ ಅವರಿಗೆ ಕೈಮುಗಿದರು.

ಗಂಗಾಧರಯ್ಯ ಎದ್ದರು. ಮಂಡಿ ನೋವಿನ ಸುಳಿವಿರಲಿಲ್ಲ. "ನಮ್ಮ ಹುಡುಗ ತಪ್ಪು ಮಾಡ್ದ. ನಾನು ಮುಚ್ಚಿಡಲ್ಲ. ಕೇಸ್ ಆಗಿದೆ, ಕೋರ್ಟು ನೋಡ್ಕೊಳ್ತದೆ. ಆದ್ರೆ ಸಾರ್, ಕೋವಿ ಅನ್ನೋದು ಒಂದು ಕೊಳವೆ. ತೋಟಾ ಇಲ್ದೆ ಅದು ಒನಕೆಗೆ ಸಮ. ತೋಟಾ ಕೊಟ್ಟೋರು ಯಾರು?" ಅವರ ನೋಟ ಸಭೆಯ ಮೇಲೆ ಹಾದು ಬಂತು, ಅಪ್ಪನ ಮೇಲೆ ಬಂದಾಗ ನಿಲ್ಲದೆ ದಾಟಿತು, ಶಿವಕಿರಣನ ಮೇಲೆ ನಿಂತಿತು. ಅವತ್ತು ಫೋನಿನ ಆ ತುದಿಯಲ್ಲಿದ್ದವರು ಅವರು. ಈ ತುದಿಯಲ್ಲಿ ಯಾರ ದನಿ ಕೇಳಿತೆಂದು ಅವರಿಗೆ ಗೊತ್ತು. "ಅಂಗಡಿಗಳ ಮೇಲೆ ಬಿಗಿ ಕಾನೂನು ಬರ್ಬೇಕು. ವಸತಿ ಏರಿಯಾದಲ್ಲಿ ಒಂದೂ ಇರಬಾರ್ದು. ನಾನು ಈ ಮಾತು ಮೊನ್ನೆ ಏಕಾಂತಯ್ಯನೋರ ಮನೇಲೇ ಕೂತು ಹೇಳ್ದೆ. ಹಿರೀರು, ಒಪ್ಪಿದ್ರು." ಮೊನ್ನೆ. ಮೊನ್ನೆ ಅವನು ವಕೀಲರ ಆಫೀಸಿನಲ್ಲಿದ್ದ. ಸಂಜೆ ಮನೆಗೆ ಬಂದಾಗ ಸೋಫಾದ ಮುಂದೆ ಎರಡು ಕಾಫಿ ಲೋಟಗಳಿದ್ದವು. ಯಾರು ಬಂದಿದ್ರು ಅಪ್ಪಾಜಿ ಎಂದು ಕೇಳಿದ್ದಕ್ಕೆ, "ಯಾರೋ ದೇಣಿಗೆಗೆ ಬಂದಿದ್ರು ಕಣೋ" ಅಂದಿದ್ದರು. ಅವನು ಲೋಟಗಳನ್ನು ತೊಳೆದಿಟ್ಟಿದ್ದ.

ಆಗ ಅಪ್ಪ ಎದ್ದರು. ಮೈಕು ತಾವಾಗಿಯೇ ಕೇಳಿ ಇಸಿದುಕೊಂಡರು. ಈಗ, ಎಂದುಕೊಂಡ ಶಿವಕಿರಣ್. ತಾನು ಎದ್ದು ನಿಂತು ಅವರ ತೋಳು ಹಿಡಿಯಬೇಕೇ, ಹಿಡಿದರೆ ಹೇಳಿಸುತ್ತಿದ್ದೇನೆ ಎಂದಾಗುತ್ತದೆಯೇ ಎಂಬ ಲೆಕ್ಕದಲ್ಲೇ ಇದ್ದ. "ನಾನು ಏಕಾಂತಯ್ಯ," ಅಂದರು ಅಪ್ಪ. "ಆ ಅಂಗಡಿ ಶುರು ಮಾಡಿದೋನು ನಾನೇ. ನಲ್ವತ್ತು ವರ್ಷ ಅದನ್ನ ಕಾಯಕ ಅಂತ ನಂಬಿದ್ದೆ." ಅವರು ಮೊದಲ ಸಾಲಿನ ಕಡೆ ತಿರುಗಿದರು. "ಈ ತಾಯಿ ಮುಖ ನೋಡಿದ ಮೇಲೆ ತಿಳೀತು. ಇದು ಕಾಯಕ ಅಲ್ಲ. ಮನೇಲಿ ಹೇಳ್ದೆ, ಬಿಟ್ಬಿಡಪ್ಪ, ಸಾಕು ಅಂತ. ನಮ್ಮ ಹುಡುಗ ಕೇಳ್ಲಿಲ್ಲ. ಈಗಿನೋರು, ಅವರಿಗೆ ಇದು ವ್ಯಾಪಾರ. ಅವನು ಕೊಟ್ಟ ಡಬ್ಬಿಗೆ ಹೆತ್ತೋನಾಗಿ ನಾನು ಕ್ಷಮೆ ಕೇಳ್ತೀನಿ." ಅವರು ಅಂಕಮ್ಮನ ಕಡೆ ಬಾಗಿ ಕೈಮುಗಿದರು. ಅಂಕಮ್ಮ ಗಾಬರಿಯಿಂದ ಎದ್ದು ತಾನೂ ಮುಗಿದಳು. ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಅಪ್ಪನ ಮುಖದಲ್ಲಿ ಅದೇ ಕಳೆ, ಸೀಬೆಹಣ್ಣಿನ ಮಧ್ಯಾಹ್ನದ ಕಳೆ, ಮೂಡುವುದನ್ನು ಅವನು ನೋಡಿದ. ಜೀವಮಾನದಲ್ಲಿ ಅವರಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ತನ್ನ ತೊಡೆಯ ಮೇಲೆ ಏನೋ ಸದ್ದಾಯಿತೆಂದು ಕೆಳಗೆ ನೋಡಿದರೆ ತನ್ನವೇ ಕೈಗಳು. ಅವೂ ತಟ್ಟುತ್ತಿದ್ದವು. ಎಲ್ಲರ ಜೊತೆ, ಅವನನ್ನು ಕೇಳದೆ.

ಬಿಟ್ಟುಬಿಡು ಎಂದು ಅಪ್ಪ ಎಂದೂ ಹೇಳಿರಲಿಲ್ಲ. ಹೇಳಿದ್ದರೆ, ಆ ಒಂದು ಮಾತಿಗಾಗಿ ಎಷ್ಟು ವರ್ಷಗಳಿಂದ ಕಾದಿದ್ದನೋ, ಅವತ್ತೇ ಷಟರು ಎಳೆದು ಕಾಲೇಜಿನ ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಲ್ಲುತ್ತಿದ್ದ. ಅಪ್ಪ ಹೇಳಿದ್ದು ನಿಜವೇ ಇರಬಹುದು, ಅದು ಕಾಯಕ ಅಲ್ಲದೆಯೇ ಇರಬಹುದು. ಅಂಕಮ್ಮನ ಕನ್ನಡಕದ ಎದುರು ನಿಂತರೆ ಅವನೂ ಅದನ್ನೇ ಹೇಳಿಯಾನು. ಆದರೆ ಆ ಪದವನ್ನು ತನ್ನ ಕೈಗೆ ಕೊಟ್ಟವರು, ತಾನು ಅದನ್ನು ಹಿಡಿದು ಇಷ್ಟು ದೂರ ನಡೆದ ಮೇಲೆ, ತುಂಬಿದ ಸಭೆಯಲ್ಲಿ ತಮ್ಮ ಪಾಲನ್ನು ಮಾತ್ರ ತೊಳೆದುಕೊಂಡು ವಾಪಸು ತೆಗೆದುಕೊಂಡಿದ್ದರು. ಅಧಿಕಾರಿ ಏನೋ ಬರೆದುಕೊಂಡು, ಅಂಗಡಿಯನ್ನು ಸದ್ಯಕ್ಕೆ ಮುಚ್ಚಿ ಮುದ್ರೆ ಹಾಕಲಾಗುವುದು ಅಂದರು. "ಶಿವಕಿರಣ್ ಅವ್ರೆ, ಸಂಜೆ ಸ್ಟೇಷನ್ನಿಗೆ ಬನ್ನಿ. ಅವತ್ತು ಬಾಯಲ್ಲಿ ಹೇಳಿದ್ದಷ್ಟೇ ಆಗಿದೆ. ಬರವಣಿಗೇಲಿ ಸಹಿ ಬೇಕು." ಸಹಿ ಹಾಕಿದರೆ ಅಂಗಡಿಯಷ್ಟೇ ಹೋಗುವುದಿಲ್ಲ, ಜೈಲೂ ಇದೆ ಎಂದು ವಕೀಲರು ಹೇಳಿದ್ದರು. ಹಾಕುವ ತನಕ ಮಾತು ಬದಲಾಯಿಸಬಹುದು ಎಂದೂ ಹೇಳಿದ್ದರು.

ಹೊರಗೆ ಬಿಸಿಲು. ಗಂಗಾಧರಯ್ಯ ಕಾರು ಹತ್ತುವ ಮೊದಲು ಅಪ್ಪನ ಭುಜ ತಟ್ಟಿ, "ದೊಡ್ಡ ಮಾತು ಆಡಿದ್ರಿ," ಅಂದರು. ಶಿವಕಿರಣನಿಗೆ, "ಮನಸ್ಸಿಗೆ ಹಚ್ಕೋಬೇಡಪ್ಪ. ನಾವಿದೀವಿ," ಅಂದರು. ಅವನು ತಲೆಯಾಡಿಸಿದ. ಯಾಕೆ ಆಡಿಸಿದೆ ಎಂದು ಕಾರಿನ ಬೀಗ ತೆಗೆಯುವಾಗಲೂ ಯೋಚಿಸುತ್ತಿದ್ದ. ಅಪ್ಪ ಕಾರಿನ ಹತ್ತಿರ ಬರದೆ ಎದುರಿನ ದರ್ಶಿನಿಯ ಕಡೆ ಊರುಗೋಲು ತೋರಿಸಿದರು. "ಗಂಟ್ಲು ಒಣಗಿದೆ. ಒಂದು ಬೈಟು ಹೇಳು."

ಒಂದು ಕಾಫಿ, ಎರಡು ಲೋಟ. ಅವನು ಹುಡುಗನಾಗಿದ್ದಾಗಿನಿಂದಲೂ ಹೀಗೇ. ಅರ್ಧ ಮಾಡುವುದು ಅಪ್ಪನ ಕೆಲಸ. ಒಂದು ಗುಟುಕು ಅವನ ಲೋಟಕ್ಕೆ ಹೆಚ್ಚು ಬೀಳುತ್ತಿತ್ತು. ಇವತ್ತೂ ಹೆಚ್ಚೇ ಬಿತ್ತು. ಕೈ ನಡುಗಲಿಲ್ಲ. ನಿಂತು ಕುಡಿಯುವ ಸ್ಟೀಲಿನ ಮೇಜಿನ ಮೇಲೆ ಅವರಿಬ್ಬರ ಮುಖಗಳು ಉದ್ದಕ್ಕೆ ಎಳೆದ ಹಾಗೆ ಕಾಣುತ್ತಿದ್ದವು.

"ಡಬ್ಬಿ ಕೊಟ್ಟಿದ್ದು ಯಾರು ಅಪ್ಪಾಜಿ?"

ಅಪ್ಪ ಕಾಫಿಯ ಮೇಲಿನ ಕೆನೆಯನ್ನು ಊದಿ ಪಕ್ಕಕ್ಕೆ ಸರಿಸಿದರು. "ನೀನೇ ಅಲ್ವೇನೋ. ಸ್ಟೇಷನ್ನಲ್ಲಿ ಹೇಳಿದ್ಯಲ್ಲ, ನನ್ನೆದುರಿಗೇ."

ಅವನು ಅವರ ಕಣ್ಣುಗಳನ್ನು ನೋಡಿದ. ಮರೆವು ಇರಬಹುದು. ಈ ವಯಸ್ಸಿನಲ್ಲಿ ಬರುತ್ತದೆ, ಕೇಳಿದ್ದನ್ನೇ ಕಂಡದ್ದು ಎಂದುಕೊಳ್ಳುತ್ತಾರೆ. ಮರೆವು ಆಗಿದ್ದರೆ ಎಲ್ಲವೂ ಸರಿಹೋಗುತ್ತದೆ, ಇವತ್ತಿನ ಚಪ್ಪಾಳೆಯೂ, ಎರಡು ಲೋಟಗಳೂ. ಮರೆತಿರಲಿ ಎಂದು ಅವನು ಬೇಡಿಕೊಂಡ, ದೇವರನ್ನೋ ಅಪ್ಪನನ್ನೋ ತಿಳಿಯದೆ.

"ಅವತ್ತಿನ ದಿನ ನೆನಪಿದ್ಯಾ ನಿಮಗೆ?"

"ಯಾಕಿಲ್ಲ? ಲಿಖಿತಾಗೆ ದವಡೆ ಹಲ್ಲು ಕಿತ್ತಿದ್ರು. ನೀನು ಅಂಗಡಿಗೆ ಬರೋ ಹೊತ್ತಿಗೆ ಊಟದ ಹೊತ್ತು ಮೀರಿತ್ತು. ಸೀಬೆಹಣ್ಣು ತಂದಿದ್ದೆ. ಒಳಗೆ ಕೆಂಪು ಇತ್ತು. ಗಂಗಾಧರಯ್ಯನೋರು ಆಗ್ತಾನೆ ಫೋನ್..."

ಅಪ್ಪ ನಿಲ್ಲಿಸಿದರು. ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಅದು ಪೂರ್ತಿ ಹೋಗುವ ತನಕ ಅಪ್ಪ ಅದನ್ನೇ ನೋಡಿದರು. ಶಿವಕಿರಣ್ ಅವರ ಕಿವಿಯ ಕೆಳಗಿನ ಕಪ್ಪು ಚುಕ್ಕೆಯನ್ನು ನೋಡಿದ. ಆಗಲೇ ಫೋನ್ ಬಂತು. ಸ್ಟೇಷನ್ನಿನ ರೈಟರು. "ಸಾರ್, ಸಂಜೆ ಬರ್ತೀರಲ್ಲ, ಹೇಳಿಕೆ ಈಗ್ಲೇ ಟೈಪ್ ಮಾಡಿ ಇಡ್ತೀನಿ. ತೋಟಾ ಕೊಟ್ಟಿದ್ದು ನೀವೇ ಅಂತ ತಾನೇ? ಬದಲಾವಣೆ ಏನೂ ಇಲ್ವಲ್ಲ?"

ದನಿ ದೊಡ್ಡದಾಗಿತ್ತು. ಪಕ್ಕದ ಮೇಜಿನವರೂ ತಿರುಗಿದರು. ಶಿವಕಿರಣ್ ಫೋನನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿನಿಂದ ಅಪ್ಪನ ಕಡೆ ಚಾಚಿದ. ಕೈ ಚಾಚಿಯೇ ಇತ್ತು. ಅದರೊಳಗಿನಿಂದ "ಹಲೋ, ಸಾರ್, ಹಲೋ" ಎಂಬ ಸಣ್ಣ ದನಿ ಬರುತ್ತಲೇ ಇತ್ತು.

ಅಪ್ಪ ಫೋನನ್ನು ನೋಡಿದರು. ಆಮೇಲೆ ತಲೆಯನ್ನು ಸ್ವಲ್ಪ ಓರೆ ಮಾಡಿ, ಒಂದು ಬೆರಳನ್ನು ಕಿವಿಗೆ ಮುಟ್ಟಿಸಿಕೊಂಡರು.

"ನಂಗೆ ಫೋನಲ್ಲಿ ಸರಿಯಾಗಿ ಕೇಳ್ಸಲ್ಲಪ್ಪ," ಅಂದರು. "ನೀನೇ ಮಾತಾಡು."

ಅವನು ಫೋನನ್ನು ವಾಪಸು ಕಿವಿಗೆ ಇಟ್ಟುಕೊಂಡ. ಮೊದಲ ಸಲ ಆ ಮಾತು ಹೇಳುವಾಗ ಎದುರಿಗೆ ಅದುರುವ ಬೆರಳುಗಳಿದ್ದವು. ಈಗ ಬೆರಳುಗಳು ಲೋಟದ ಸುತ್ತ ನೆಮ್ಮದಿಯಾಗಿ ಕೂತಿದ್ದವು, ಕಾಯುತ್ತಿದ್ದವು.

"ಬದಲಾವಣೆ ಏನೂ ಇಲ್ಲ ಸಾರ್," ಅಂದ.

ಅಪ್ಪ ಅವನ ಲೋಟವನ್ನು ಅವನ ಹತ್ತಿರಕ್ಕೆ ದೂಡಿದರು. "ಆರಿಹೋಗ್ತದೆ. ಕುಡಿ."